ಮೊದಲ ಹಲ್ಲು ಮತ್ತು ತಾಯಿತಂದೆಯ ಹೊಣೆ

ಮಗುವಿನ ಕೆಳ ಒಸಡಿನಲ್ಲಿ ಅಕ್ಕಿಕಾಳಿನಂತೆ ಮೊದಲ ಹಲ್ಲು ಕಂಡಾಗ ಮನೆಯವರಿಗೆಲ್ಲ ಸಂಭ್ರಮ. ದಾದಿ, ನಾನಿಯರು ಬೆರಳಿಟ್ಟು ಮುಟ್ಟಿ ನೋಡುತ್ತಾರೆ. ಆದರೆ ಆ ಹಲ್ಲನ್ನು ಉಜ್ಜಬೇಕೆಂದರೆ ಹಲವರು ನಗುತ್ತಾರೆ. ಹೇಗೂ ಬಿದ್ದು ಹೋಗುವ ಹಾಲುಹಲ್ಲಿಗೆ ಇಷ್ಟೆಲ್ಲ ಉಪಚಾರವೇಕೆ ಎಂದು ಕೇಳುತ್ತಾರೆ. ಪ್ರಿಯ ಓದುಗರೇ, ಈ ಮಾತು ಎಷ್ಟು ಸರಿ ಎಂಬುದನ್ನು ದೀನಿನ ಬೆಳಕಿನಲ್ಲಿಯೂ ವೈದ್ಯರ ಅರಿವಿನ ಬೆಳಕಿನಲ್ಲಿಯೂ ನೋಡೋಣ.

ಮಿಸ್ವಾಕ್ ಕಲಿಸುವ ಪಾಠ

ತನ್ನ ಸಮುದಾಯಕ್ಕೆ ಕಷ್ಟವಾಗದಿರುತ್ತಿದ್ದರೆ ಪ್ರತಿ ನಮಾಝಿಗೂ ಮಿಸ್ವಾಕ್ ಮಾಡಲು ಆಜ್ಞಾಪಿಸುತ್ತಿದ್ದೆನೆಂದು ಪ್ರವಾದಿ(ಸ)ರು ತಿಳಿಸಿರುವರು (ಬುಖಾರಿ, ಮುಸ್ಲಿಮ್). ಮನೆಗೆ ಬಂದೊಡನೆ ಅವರು ಮೊದಲು ಮಾಡುತ್ತಿದ್ದುದು ಮಿಸ್ವಾಕ್ ಎಂದು ಹ. ಆಯಿಶಾ(ರ) ವರದಿ ಮಾಡಿದ್ದಾರೆ (ಮುಸ್ಲಿಮ್). ಪ್ರವಾದಿ(ಸ)ರ ಕೊನೆಯ ಕಾಯಿಲೆಯ ಸಂದರ್ಭದಲ್ಲಿ ಹ. ಆಯಿಶಾರ ಸಹೋದರ ಹ. ಅಬ್ದುರ್ರಹ್ಮಾನ್(ರ) ಮಿಸ್ವಾಕ್ ಹಿಡಿದು ಒಳಬಂದರು. ಪ್ರವಾದಿ(ಸ)ರ ದೃಷ್ಟಿ ಅದರ ಮೇಲೆ ನೆಟ್ಟಿತು. ಹ. ಆಯಿಶಾ(ರ) ಅದನ್ನು ಪಡೆದು, ಅಗಿದು ಮೆದುಗೊಳಿಸಿ ಕೊಟ್ಟರು (ಬುಖಾರಿ).

ಇದರಲ್ಲಿ ಎರಡು ಪಾಠಗಳಿವೆ. ಬಾಯಿಯ ಶುಚಿತ್ವವನ್ನು ಅಂತಿಮ ಗಳಿಗೆಯಲ್ಲೂ ಕಡೆಗಣಿಸಲಿಲ್ಲ ಎಂಬುದು ಒಂದು. ದುರ್ಬಲರಿಗೆ ಸಾಧನವನ್ನು ಮೆದು ಮಾಡಿ ಕೊಡಬೇಕು ಎಂಬುದು ಇನ್ನೊಂದು. ಹಸುಗೂಸಿಗಿಂತ ದುರ್ಬಲರು ಯಾರು?

ಹಾಗಾದರೆ ಎಳೆ ಮಗುವಿಗೆ ಬೇವಿನ ಕಡ್ಡಿ ಬೇಕೇ? ಬೇಡ. ಹಲ್ಲಿನ ಮಾಲಿನ್ಯವನ್ನು ತೆಗೆಯುವ ಯಾವ ವಸ್ತುವಿನಿಂದಲೂ ಮಿಸ್ವಾಕಿನ ಉದ್ದೇಶ ಈಡೇರುತ್ತದೆಂದು ಇಮಾಮ್ ನವವಿ(ರಹ್) ವಿವರಿಸಿದ್ದಾರೆ. ಬಟ್ಟೆಯ ಚೂರನ್ನೂ ಉದಾಹರಣೆಯಾಗಿ ಹೇಳಿದ್ದಾರೆ. ಆದ್ದರಿಂದ ಮೆತ್ತನೆಯ ಪುಟ್ಟ ಬ್ರಶ್ ಸಾಕು.

ಹಾಲುಹಲ್ಲಿನ ಬೆಲೆ

ಸಾಮಾನ್ಯವಾಗಿ ಆರನೆಯ ತಿಂಗಳ ಆಸುಪಾಸಿನಲ್ಲಿ ಮೊದಲ ಹಲ್ಲು ಬರುತ್ತದೆ. ಮೂರು ವರ್ಷದೊಳಗೆ ಇಪ್ಪತ್ತೂ ಹಾಲುಹಲ್ಲುಗಳು ಮೂಡುತ್ತವೆ. ಮುಂದಿನ ಹಲ್ಲುಗಳು ಆರೇಳು ವರ್ಷಕ್ಕೆ ಬೀಳುವುದು ನಿಜ. ಆದರೆ ದವಡೆಯ ಹಾಲುಹಲ್ಲುಗಳು ಹತ್ತು-ಹನ್ನೆರಡು ವರ್ಷದವರೆಗೂ ಇರಬೇಕು. ಮಗು ಅಗಿಯುವುದು ಅವುಗಳಿಂದಲೇ. ಅವು ಹುಳುಕಾಗಿ ಬೇಗ ಬಿದ್ದರೆ ಪಕ್ಕದ ಹಲ್ಲು ಆ ಜಾಗಕ್ಕೆ ಸರಿದು, ಮುಂದೆ ಬರುವ ಶಾಶ್ವತ ಹಲ್ಲಿಗೆ ಎಡೆ ಇಲ್ಲದಂತಾಗುತ್ತದೆ. ಹುಳುಕು ಬೇರಿಗಿಳಿದರೆ ಮಗು ಉಣ್ಣದು, ನಿದ್ರಿಸದು. ನೋವು ಎಲ್ಲೆಂದು ಹೇಳಲೂ ಅದಕ್ಕೆ ಬಾರದು.

ಉಜ್ಜುವ ಕ್ರಮ

ಹಲ್ಲು ಬರುವ ಮೊದಲು ಒದ್ದೆ ಮಾಡಿದ ಶುಭ್ರ ಬಟ್ಟೆಯಿಂದ ಒಸಡನ್ನು ಒರೆಸಿರಿ. ಮೊದಲ ಹಲ್ಲು ಬಂದ ದಿನದಿಂದಲೇ ಬ್ರಶ್ ಹಿಡಿಯಿರಿ. ಮಗುವಿನ ತಲೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತುಟಿಯನ್ನು ಮೆಲ್ಲನೆ ಎತ್ತಿ, ಹಲ್ಲಿನ ಹೊರಬದಿ, ಒಳಬದಿ ಎರಡನ್ನೂ ಹಗುರವಾಗಿ ಉಜ್ಜಿರಿ. ಫ್ಲೋರೈಡ್ ಇರುವ ಪೇಸ್ಟನ್ನು ಅಕ್ಕಿಕಾಳಿನಷ್ಟು ಮಾತ್ರ ಸವರಬೇಕು. ಮೂರು ವರ್ಷ ತುಂಬಿದ ಮೇಲೆ ಬಟಾಣಿಯಷ್ಟು. ಬೂದಿ, ಇದ್ದಿಲು, ಉಪ್ಪುಪುಡಿ ಬೇಡ. ದಿನಕ್ಕೆ ಎರಡು ಬಾರಿ ಉಜ್ಜಿರಿ. ರಾತ್ರಿಯದನ್ನು ಎಂದೂ ಬಿಡಬೇಡಿರಿ. ಒಸಡಿನ ಅಂಚಿನಲ್ಲಿ ಸುಣ್ಣದಂತಹ ಬಿಳಿ ಗೆರೆ ಕಂಡರೆ ಅದು ಹುಳುಕಿನ ಆರಂಭ. ಕೂಡಲೇ ದಂತವೈದ್ಯರಿಗೆ ತೋರಿಸಿರಿ.

ಕೈ ಶುಚಿಯಾಗಿರಲಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಓದುಗರಿಗೆ ಒಂದು ವಿಶೇಷ ಮಾತು. ನಮ್ಮಲ್ಲಿ ಎಷ್ಟೋ ಕುಟುಂಬಗಳು ವರ್ಜೀನಿಯಾ ಹೊಗೆಸೊಪ್ಪಿನ ಬೇಸಾಯದಲ್ಲೂ ಕೂಲಿಯಲ್ಲೂ ಇವೆ. ಎಲೆ ಮುರಿದು, ಕಟ್ಟಿ, ಬ್ಯಾರನ್ನಿಗೆ ಏರಿಸುವ ದಿನಗಳಲ್ಲಿ ಕೈಗೆ ಅಂಟು ಮೆತ್ತಿಕೊಳ್ಳುತ್ತದೆ. ಅದರಲ್ಲಿ ನಿಕೋಟಿನ್ ವಿಷವಿದೆ. ಹಸಿ ಎಲೆ ಮುಟ್ಟಿದ ದೊಡ್ಡವರಿಗೇ ಅದರಿಂದ ತಲೆಸುತ್ತು, ವಾಂತಿ ಬರುವುದುಂಟು. ಅದೇ ಬೆರಳು ಮಗುವಿನ ಒಸಡಿಗೆ ತಾಗಿದರೆ ಗತಿಯೇನು? ನಿದ್ರೆಯಿಂದೆದ್ದವರು ಕೈ ತೊಳೆಯದೆ ನೀರಿನ ಪಾತ್ರೆಗೆ ಹಾಕಬಾರದೆಂದು ಪ್ರವಾದಿ(ಸ)ರು ಕಲಿಸಿದ್ದಾರೆ (ಬುಖಾರಿ, ಮುಸ್ಲಿಮ್). ನೀರಿನ ಪಾತ್ರೆಗೆ ಇಷ್ಟು ಎಚ್ಚರವಿದ್ದರೆ ಮಗುವಿನ ಬಾಯಿಗೆ ಎಷ್ಟಿರಬೇಕು! ಸೋಪಿನಿಂದ ಕೈ ತೊಳೆದೇ ಮಗುವನ್ನು ಮುಟ್ಟಿರಿ. ಹಲ್ಲುನೋವಿಗೆಂದು ಹೊಗೆಸೊಪ್ಪಿನ ಪುಡಿ ಹಚ್ಚುವ ರೂಢಿ ಮಗುವಿನ ಬಳಿ ಸುಳಿಯದಿರಲಿ. ಹೊಗೆಸೊಪ್ಪು ಬೆರೆಸಿದ ಹಲ್ಲುಪುಡಿಯನ್ನು ಸರ್ಕಾರವೇ 1992ರಲ್ಲಿ ನಿಷೇಧಿಸಿದೆ.

ಬಾಟಲಿ ಮತ್ತು ಜೇನು

ತಾಯಿಯ ಹಾಲು ಮಗುವಿನ ಹಕ್ಕು. ಪೂರ್ತಿ ಕುಡಿಸಲು ಬಯಸುವವರಿಗೆ ಪವಿತ್ರ ಕುರ್‌ಆನ್ ಎರಡು ವರ್ಷದ ಅವಧಿಯನ್ನು ಸೂಚಿಸಿದೆ (ಅಲ್ ಬಕರ: 233). ಹಲ್ಲಿನ ಭಯದಿಂದ ಅದನ್ನು ನಿಲ್ಲಿಸಬೇಕಾಗಿಲ್ಲ. ಕೇಡು ಮಾಡುವುದು ಸಕ್ಕರೆ ಹಾಕಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟು ಮಲಗಿಸುವ ಅಭ್ಯಾಸ. ರಾತ್ರಿಯಿಡೀ ಸಿಹಿ ಹಲ್ಲಿಗೆ ಅಂಟಿಕೊಂಡು ಮುಂದಿನ ಹಲ್ಲುಗಳು ಕಪ್ಪಾಗಿ ಕರಗುತ್ತವೆ. ಇನ್ನು ಜೇನನ್ನು ಒಂದು ವರ್ಷ ತುಂಬುವವರೆಗೆ ನೆಕ್ಕಿಸಲೇಬಾರದು. ಎಳೆಗೂಸಿಗೆ ಅದರಿಂದ ಪ್ರಾಣಾಪಾಯವೂ ಆಗಬಹುದು. ತಹ್ನೀಕ್‌ಗೆ ಪ್ರವಾದಿ(ಸ)ರು ಬಳಸಿದ್ದು ಖರ್ಜೂರ.

ನಮ್ಮ ಹೊಣೆ

ನೀವೆಲ್ಲರೂ ಪಾಲಕರು, ನಿಮ್ಮ ಅಧೀನದಲ್ಲಿರುವವರ ಬಗ್ಗೆ ನಿಮ್ಮನ್ನು ಪ್ರಶ್ನಿಸಲಾಗುವುದು ಎಂಬುದು ಪ್ರವಾದಿ ವಚನದ ಸಾರ. ಮಗು ನಮಗೆ ಅಲ್ಲಾಹನು ಒಪ್ಪಿಸಿದ ಅಮಾನತ್. ಅದರ ಹಲ್ಲೂ ಆ ಅಮಾನತ್ತಿನಲ್ಲಿ ಸೇರಿದೆ. ಈ ಕೆಲಸ ತಾಯಿಯೊಬ್ಬಳದೇ ಅಲ್ಲ. ಇಶಾ ಮುಗಿಸಿ ಮನೆಗೆ ಬಂದ ತಂದೆಯೂ ಎರಡು ನಿಮಿಷ ಬ್ರಶ್ ಹಿಡಿಯಬಹುದು. ಮಗು ಏಳು ವರ್ಷ ತಲುಪಿದಾಗ ನಮಾಝಿಗೆ ಹೇಳಬೇಕೆಂದು ಹದೀಸ್ ಇದೆ (ಅಬೂದಾವೂದ್). ತಾನೇ ಚೆನ್ನಾಗಿ ಹಲ್ಲುಜ್ಜುವಷ್ಟು ಅದರ ಕೈ ಪಳಗುವುದೂ ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ನಮ್ಮ ಕೈಯೇ ಅದರ ಕೈ. ಶುಚಿಯಾದ ಬಾಯಿಯಿಂದ ಮಗು ತನ್ನ ಪ್ರಥಮ ನಮಾಝಿಗೆ ನಿಲ್ಲುವಂತಾಗಲಿ.

ಅಲ್ಲಾಹನು ನಮಗೆ ತೌಫೀಕ್ ನೀಡಲಿ. ಆಮೀನ್.