ಬಂಧದ ಧ್ರುವೀಯತೆ, ಅಣುವಿನ ಧ್ರುವೀಯತೆ: ವಿದ್ಯುದೃಣತ್ವದ ನಿರೂಪಣೆಯಲ್ಲಿ ಒಂದು ಭಾಷಿಕ ತೊಡಕು

ಕನ್ನಡದಲ್ಲಿ ವಿಜ್ಞಾನವನ್ನು ನಿರೂಪಿಸುವಾಗ ಎದುರಾಗುವ ತೊಡಕುಗಳನ್ನು ಸಾಮಾನ್ಯವಾಗಿ ಪಾರಿಭಾಷಿಕ ಪದಗಳ ಕೊರತೆಯೆಂದೇ ಗುರುತಿಸಲಾಗುತ್ತದೆ. ಪದವಿದ್ದೂ ಅರ್ಥ ಕೈತಪ್ಪುವ ಸಂದರ್ಭಗಳೂ ಉಂಟು. ‘ವಿದ್ಯುದೃಣತ್ವವು ಅಣುವಿನ ಧ್ರುವೀಯತೆಯನ್ನು ನಿರ್ಧರಿಸುತ್ತದೆ’ ಎಂಬ ವಾಕ್ಯ ಅಂಥದೊಂದು ನಿದರ್ಶನ. ವ್ಯಾಕರಣದ ದೃಷ್ಟಿಯಿಂದ ಅದು ನಿರ್ದುಷ್ಟ. ರಸಾಯನಶಾಸ್ತ್ರದ ದೃಷ್ಟಿಯಿಂದ ಅರ್ಧಸತ್ಯ.

ವಿದ್ಯುದೃಣತ್ವದಲ್ಲಿ ‘ಋಣ’ವಿದ್ದರೂ ಅದು ಆವೇಶದ ಹೆಸರಲ್ಲ, ಬಂಧದಲ್ಲಿ ಹಂಚಿಕೊಂಡ ಎಲೆಕ್ಟ್ರಾನುಗಳನ್ನು ಪರಮಾಣುವೊಂದು ತನ್ನತ್ತ ಸೆಳೆಯುವ ಸಾಮರ್ಥ್ಯ. (ಋಣವೆಂದರೆ ಸಾಲವೂ ಹೌದು. ಇಲ್ಲಿ ನಡೆಯುವುದು ಸಾಲವಲ್ಲ, ಪಾಲಿನಲ್ಲಿ ಪಕ್ಷಪಾತ.) ಲೈನಸ್ ಪಾಲಿಂಗ್ 1932ರಲ್ಲಿ ಬಂಧಶಕ್ತಿಗಳ ಆಧಾರದಿಂದ ಇದಕ್ಕೊಂದು ಮಾನವನ್ನು ರೂಪಿಸಿದರು. ಅದರ ಪರಿಷ್ಕೃತ ರೂಪದಲ್ಲಿ ಹೈಡ್ರೋಜನ್ 2.20, ಇಂಗಾಲ 2.55, ಸಾರಜನಕ 3.04, ಆಮ್ಲಜನಕ 3.44, ಫ್ಲೋರಿನ್ 3.98. ಈ ಬೆಲೆಗಳ ಅಂತರ ತಿಳಿಸುವುದು ಆಯಾ ಬಂಧದ ಧ್ರುವೀಯತೆಯನ್ನು ಮಾತ್ರ.

ಮೂರು ಪರಮಾಣುಗಳು ಕೂಡಿದೊಡನೆ ಆಕಾರದ ಪ್ರಶ್ನೆ ಏಳುತ್ತದೆ. ಇಂಗಾಲದ ಡೈಆಕ್ಸೈಡಿನ ಎರಡೂ ಬಂಧಗಳು ಧ್ರುವೀಯ. ಆದರೆ ಅವು ಒಂದೇ ಸರಳರೇಖೆಯಲ್ಲಿ ವಿರುದ್ಧ ದಿಕ್ಕುಗಳಿಗೆ ಎಳೆಯುವುದರಿಂದ ಅಣುವಿನ ದ್ವಿಧ್ರುವ ಮಹತ್ವ ಶೂನ್ಯ. ನೀರಿನ ಅಣು 104.5 ಡಿಗ್ರಿ ಕೋನದಲ್ಲಿ ಬಾಗಿದೆ. ಅದರ ಮಹತ್ವ 1.85 ಡಿಬೈ.

ಇದಕ್ಕಿಂತ ಬೋಧಪ್ರದವಾದುದು ಅಮೋನಿಯ ಮತ್ತು ಸಾರಜನಕದ ಟ್ರೈಫ್ಲೋರೈಡುಗಳ ಹೋಲಿಕೆ. ಎರಡೂ ಪಿರಮಿಡ್ಡಿನ ಆಕಾರದವು. ವಿದ್ಯುದೃಣತ್ವದ ಅಂತರ ಮೊದಲನೆಯದರಲ್ಲಿ 0.84, ಎರಡನೆಯದರಲ್ಲಿ 0.94. ಮೇಲಿನ ವಾಕ್ಯವನ್ನು ನಂಬಿದವರು ಎರಡನೆಯದೇ ಹೆಚ್ಚು ಧ್ರುವೀಯವೆನ್ನಬೇಕು. ವಾಸ್ತವದಲ್ಲಿ ಅಮೋನಿಯದ ಮಹತ್ವ 1.47 ಡಿಬೈ, ಟ್ರೈಫ್ಲೋರೈಡಿನದು ಕೇವಲ 0.23! ಅಮೋನಿಯದಲ್ಲಿ ಬಂಧಗಳ ಎಲೆಕ್ಟ್ರಾನುಗಳು ಸಾರಜನಕದತ್ತ ವಾಲುತ್ತವೆ. ಬಂಧಕ್ಕೆ ಸೇರದೆ ಸಾರಜನಕದಲ್ಲೇ ಉಳಿದ ಎಲೆಕ್ಟ್ರಾನು ಜೋಡಿಯ ಪ್ರಭಾವವೂ ಅದೇ ದಿಕ್ಕಿನದು. ಟ್ರೈಫ್ಲೋರೈಡಿನಲ್ಲಿ ಎಲೆಕ್ಟ್ರಾನುಗಳು ಫ್ಲೋರಿನಿನತ್ತ ವಾಲುವುದರಿಂದ, ಆ ಜೋಡಿಯ ಪ್ರಭಾವ ಎದುರಾಗಿ ನಿಂತು ಬಹುಪಾಲನ್ನು ಅಳಿಸಿಹಾಕುತ್ತದೆ.

ತೊಡಕಿನ ಮೂಲ ‘ಧ್ರುವೀಯ’ ಎಂಬ ವಿಶೇಷಣದಲ್ಲಿದೆ. ಸಂದರ್ಭದಿಂದ ತಿಳಿಯುವುದೆಂದು ವಿಶೇಷ್ಯವನ್ನು ಬಿಟ್ಟುಬಿಡುವುದು ಕನ್ನಡಕ್ಕೆ ಸಹಜ; ಇಲ್ಲಿ ಸಂದರ್ಭ ಅದನ್ನು ತಿಳಿಸುವುದಿಲ್ಲ. ಆದ್ದರಿಂದ ‘ಬಂಧಧ್ರುವೀಯತೆ’, ‘ಅಣುಧ್ರುವೀಯತೆ’ ಎಂಬ ಎರಡು ಸಮಾಸಗಳನ್ನು ಪಠ್ಯಗಳಲ್ಲಿ ತಪ್ಪದೆ ಬಳಸುವುದು ಯುಕ್ತ. ಆಗ ವಾಕ್ಯವನ್ನು ಹೀಗೆ ತಿದ್ದಬಹುದು: ವಿದ್ಯುದೃಣತ್ವದ ಅಂತರದಿಂದ ಬಂಧಧ್ರುವೀಯತೆ ಉಂಟಾಗುತ್ತದೆ, ಬಂಧಗಳು ಮತ್ತು ಬಂಧಕ್ಕೆ ಸೇರದ ಜೋಡಿಗಳು ಯಾವ ದಿಕ್ಕಿನಲ್ಲಿವೆಯೆಂಬುದನ್ನು ಅನುಸರಿಸಿ ಅಣುಧ್ರುವೀಯತೆ ಉಳಿಯುತ್ತದೆ ಅಥವಾ ಅಳಿಯುತ್ತದೆ.