ಜೈಲಿನೊಳಗೂ ಬೇಕು ಕೇಳುವ ಕಿವಿ



ಸುರಪುರ ಭಾಗದ ಒಂದು ಸಂಘದಲ್ಲಿ ಸದಸ್ಯೆಯೊಬ್ಬರು ಮೂರು ವಾರ ಸಭೆಗೆ ಬರಲಿಲ್ಲ. ಉಳಿತಾಯದ ಹಣ ಮಾತ್ರ ಮಗಳ ಕೈಲಿ ಬರುತ್ತಿತ್ತು. ಮನೆಗೆ ಹೋಗಿ ವಿಚಾರಿಸಿದೆವು. ಹೊಲದ ಬದುವಿನ ಜಗಳದಲ್ಲಿ ಮಗ ಜೈಲು ಸೇರಿದ್ದ. "ಭೇಟಿಗೆ ಹೋದ್ರ ಮಾತಾಡಲಿಲ್ರಿ ಸಿಸ್ಟರ್, ಗ್ವಾಡಿ ನೋಡ್ಕೋತ ನಿಂತಿದ್ದ. ಮಂದಿ ಮುಂದ ಹೆಂಗ ಮುಖ ತೋರಿಸ್ಲಿ?" ಎಂದು ತಾಯಿ ಅತ್ತರು. ಮಗ ಒಳಗೆ ಸೆರೆ, ತಾಯಿ ಮನೆಯಲ್ಲೇ ಸೆರೆ. ಅದಕ್ಕೇ ಈ ಪಾಠ.

ಜೈಲು ಮತ್ತು ಮನಸ್ಸು

ನಿಮ್ಹಾನ್ಸ್ ವೈದ್ಯರು ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ 5,000ಕ್ಕೂ ಹೆಚ್ಚು ಬಂಧಿಗಳನ್ನು ಮಾತಾಡಿಸಿ 2011ರಲ್ಲಿ ವರದಿ ಪ್ರಕಟಿಸಿದರು. ಕುಡಿತ, ತಂಬಾಕಿನಂಥ ಚಟಗಳನ್ನು ಬಿಟ್ಟು ಲೆಕ್ಕ ಹಾಕಿದರೂ ನೂರರಲ್ಲಿ ಸುಮಾರು 27 ಮಂದಿಗೆ ಮಾನಸಿಕ ಕಾಯಿಲೆ ಇತ್ತು. ಜೈಲಿನ ಮೊದಲ ರಾತ್ರಿ, ಜಾಮೀನು ತಿರಸ್ಕಾರವಾದ ದಿನ, ಮನೆಯವರು ಬಾರದ ಭೇಟಿಯ ದಿನ - ಇವು ಬಹಳ ಭಾರದ ಹೊತ್ತು.

ಬಂಧಿಗೆ ಬಂಧಿಯೇ ಆಸರೆ

1991ರಲ್ಲಿ ಬ್ರಿಟನ್ನಿನ ಸ್ವಾನ್ಸಿ ಜೈಲಿನಲ್ಲಿ ಸಮಾರಿಟನ್ಸ್ ಎಂಬ ಸೇವಾಸಂಸ್ಥೆ ಬಂಧಿಗಳಲ್ಲೇ ಕೆಲವರನ್ನು ಆರಿಸಿ, 'ಕೇಳುಗರು' ಎಂದು ತರಬೇತಿ ಕೊಟ್ಟಿತು. ಸಂಕಟದಲ್ಲಿದ್ದವರ ಪಕ್ಕ ಕೂತು ಕೇಳುವುದೇ ಅವರ ಕೆಲಸ. ತಪ್ಪು ಎಣಿಸುವುದಿಲ್ಲ, ಉಪದೇಶ ಮಾಡುವುದಿಲ್ಲ, ಕೇಳಿದ್ದನ್ನು ಹರಡುವುದಿಲ್ಲ. ಈ ಕ್ರಮ ಮುಂದೆ ಅನೇಕ ಜೈಲುಗಳಿಗೆ ಹಬ್ಬಿತು. ನಮ್ಮ ದೇಶದಲ್ಲೂ ಕಾನೂನು ಸೇವಾ ಪ್ರಾಧಿಕಾರದ ಯೋಜನೆಯಲ್ಲಿ ಓದುಬರಹ ಬಲ್ಲ ಶಿಕ್ಷಾಬಂಧಿಗಳಿಗೆ ತರಬೇತಿ ಕೊಟ್ಟು, ಉಳಿದ ಬಂಧಿಗಳಿಗೆ ಕಾನೂನಿನ ದಾರಿ ತೋರಿಸಲು ಬಳಸಿಕೊಳ್ಳಲು ಅವಕಾಶವಿದೆ.

ಅಧಿಕಾರಿಗೆ ಹೇಳದ್ದನ್ನು ಮನುಷ್ಯ ತನ್ನಂಥವನಿಗೆ ಹೇಳುತ್ತಾನೆ. ನಮ್ಮ ಸಂಘದಲ್ಲೂ ಅಷ್ಟೇ ಅಲ್ಲವೇ? ಸಾಲದ ಸಂಕಟ ಬ್ಯಾಂಕಿಗಿಂತ ಮೊದಲು ಪಕ್ಕದಲ್ಲಿ ಕೂತ ಅಕ್ಕನಿಗೆ ತಿಳಿಯುತ್ತದೆ. ಆದರೆ ಕೇಳುಗ ಡಾಕ್ಟರನಲ್ಲ. ಕಾಯಿಲೆಗೆ ಚಿಕಿತ್ಸೆ ಬೇಕೇ ಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಬಂಧಿಗಳಿಗೂ ಆ ಹಕ್ಕಿದೆ.

ನಾವು ಏನು ಮಾಡಬಹುದು?

1. ಭೇಟಿ ತಪ್ಪಿಸಬೇಡಿ. "ಯಾಕ ಹಿಂಗ ಮಾಡಿದಿ?" ಅನ್ನುವ ಬದಲು "ಉಂಡೇನು? ನಿದ್ದಿ ಬರ್ತೈತೇನು?" ಅಂತ ಕೇಳಿ.

2. ಮೊದಲಿನಿಂದ ಮನಸ್ಸಿನ ಕಾಯಿಲೆಗೆ ಗುಳಿಗೆ ತಗೊಳ್ಳುತ್ತಿದ್ದರೆ ಆ ಚೀಟಿಯನ್ನು ಜೈಲಿನ ವೈದ್ಯರಿಗೆ ತಲುಪಿಸಿ.

3. ಊಟ ಬಿಟ್ಟರೆ, ಮಾತು ಬಿಟ್ಟರೆ, ಸಾಯುವ ಮಾತಾಡಿದರೆ ಗುಟ್ಟಾಗಿ ಇಟ್ಟುಕೊಳ್ಳಬೇಡಿ. ಅಂದೇ ಜೈಲು ಅಧಿಕಾರಿಗೆ ತಿಳಿಸಿ.

4. ಬಂಧನದಲ್ಲಿದ್ದವರಿಗೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

5. ಮನೆಯವರ ಮನಸ್ಸೂ ಕುಗ್ಗುತ್ತದೆ. ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಭೇಟಿಗೆ ಆ ತಾಯಿಯ ಜೊತೆ ಸಂಘದ ಇಬ್ಬರು ಬಸ್ಸು ಹತ್ತಿದರು. ಮಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ "ಎಮ್ಮಿ ಈದಿತೇನು?" ಅಂದ. ತಾಯಿಗೆ ಅಷ್ಟೇ ಸಾಕಾಯಿತು. ಮುಂದಿನ ವಾರ ಉಳಿತಾಯದ ಹಣ ತಾವೇ ತಂದರು. ಸೆರೆಯಲ್ಲಿದ್ದವರನ್ನು ಕಂಡರೆ ನನ್ನನ್ನೇ ಕಂಡಂತೆ ಎಂದು ಯೇಸುಸ್ವಾಮಿ ಕಲಿಸಿದ್ದು ಇದನ್ನೇ.

ಚರ್ಚೆಗೆ ಪ್ರಶ್ನೆಗಳು

1. ಜೈಲಿಗೆ ಹೋದವರ ಮನೆಯವರನ್ನು ನಮ್ಮ ಓಣಿಯಲ್ಲಿ ಹೇಗೆ ಕಾಣುತ್ತೇವೆ?

2. ಬಾಯಿ ಮುಚ್ಚಿಕೊಂಡು ಕೇಳುವುದು ನಮಗೆ ಯಾಕೆ ಕಷ್ಟ?

3. ಸಭೆಗೆ ಬಾರದ ಸದಸ್ಯೆಯ ಮನೆಗೆ ಈ ವಾರ ಯಾರು ಹೋಗುತ್ತೀರಿ?