ಕಿರಿದಾದ ತಂತಿ, ಹಲವು ಬ್ಯಾಂಡು

ಹವ್ಯಾಸಿ ರೇಡಿಯೋದ 40 ಮೀಟರ್ ಬ್ಯಾಂಡಿಗೆ ಅರ್ಧ ತರಂಗದ ಏರಿಯಲ್ ಎಂದರೆ ಸುಮಾರು 66 ಅಡಿ ತಂತಿ. ಹೂಡಿಯಲ್ಲಿ 30×40 ಅಡಿ ನಿವೇಶನದಲ್ಲಿ ಮನೆ ಕಟ್ಟಿದವರಿಗೆ ಮೂಲೆಯಿಂದ ಮೂಲೆಗೆ ದೊರೆಯುವುದು 50 ಅಡಿ ಮಾತ್ರ. ಹಾಗೆಂದು ಈ ವಿದ್ಯೆಯನ್ನು ಕೈಬಿಡಬೇಕಾಗಿಲ್ಲ.

ತಾರಸಿಯ ಮೇಲೆ 41 ಅಡಿ ತಂತಿಯನ್ನೆಳೆದು, ಸುರುಳಿ ಮತ್ತು ಕಂಡೆನ್ಸರುಗಳಿಂದಾದ ಟ್ಯೂನರಿಗೆ ಅದರ ತುದಿಯನ್ನು ಸೇರಿಸಿದರೆ 40, 20, 15, 10 ಮೀಟರ್ ಬ್ಯಾಂಡುಗಳು ಒಂದೇ ತಂತಿಗೆ ಒದಗುತ್ತವೆ. 41 ಅಡಿಯೇ ಏಕೆ? ಉದ್ದವು ಅರ್ಧ ತರಂಗಕ್ಕೋ ಅದರ ಗುಣಕಕ್ಕೋ ಸಮನಾದರೆ ತುದಿಯಲ್ಲಿ ವೋಲ್ಟೇಜು ವಿಪರೀತವಾಗಿ ಏರಿ, ಟ್ಯೂನರು ಹೊಂದಿಸಲಾರದೆ ಹೋಗುತ್ತದೆ. 33 ಅಡಿ ತಂತಿಗೆ 20 ಮೀಟರಿನಲ್ಲಿ ಇದೇ ತೊಡಕು. 41 ಅಡಿ ಈ ನಾಲ್ಕರಲ್ಲಿಯೂ ಅದನ್ನು ತಪ್ಪಿಸುತ್ತದೆ.

ಟ್ಯೂನರಿನ ಭೂಸಂಪರ್ಕಕ್ಕೆ ಇನ್ನೊಂದು ತಂತಿಯನ್ನು ಜೋಡಿಸಿ ಹಾಸತಕ್ಕದ್ದು. ಇಲ್ಲವಾದರೆ ಮೈಕು ಮುಟ್ಟಿದ ತುಟಿಗೆ ಚುರುಕು ತಟ್ಟೀತು. 80 ಮೀಟರಿನಲ್ಲಿ ಮಾತ್ರ ಈ ತಂತಿ ತೀರ ಗಿಡ್ಡ. ಶಕ್ತಿಯ ಗಣನೀಯ ಭಾಗ ಶಾಖವಾಗಿ ವ್ಯಯವಾಗುತ್ತದೆ. ವಿದ್ಯುತ್ ಕಂಬದ ತಂತಿಗಳ ಸಮೀಪ ಏರಿಯಲ್ ಎಳೆಯುವುದು ಪ್ರಾಣಾಪಾಯ. ಪರೀಕ್ಷೆ ಬರೆದು ಪರವಾನಗಿ ಪಡೆಯದೆ ಪ್ರಸಾರ ಮಾಡುವಂತಿಲ್ಲ.

2001ರ ಗುಜರಾತ್ ಭೂಕಂಪದಲ್ಲಿ ದೂರವಾಣಿ ಕೆಟ್ಟಾಗ ಸಂದೇಶ ಸಾಗಿಸಿದವರಲ್ಲಿ ಹವ್ಯಾಸಿಗಳೂ ಇದ್ದರು. ಕಾಯಕವು ದಾಸೋಹವಾಗುವ ಇಂತಹ ವಿದ್ಯೆಯನ್ನು ನಮ್ಮ ಮಕ್ಕಳಿಗೆ ಕಲಿಸಲು ಒಂದು ತಾರಸಿ ಸಾಕು.